ಹದಿನೈದು ದಿನಗಳು

೨೦೨೩ರಲ್ಲಿ ನನಗೆ ಐವತ್ತೆರಡು ವರ್ಷ. ಗುಂಡ್ಲುಪೇಟೆಯ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದು, ಹಿಂದಿನ ವರ್ಷವಷ್ಟೇ ಸ್ವಯಂನಿವೃತ್ತಿ ಪಡೆದಿದ್ದೆ. ಆ ಜೂನ್ ಕೊನೆಯಲ್ಲಿ, ಎದೆಯಲ್ಲಿ ಗಂಟಾಗಿದೆಯೆಂದ ಹೆಂಡತಿಯನ್ನು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದೆ. ನರ್ಸ್ ಕಾಯಿಲೆಯ ವಿವರ ಕೇಳಿದರು. ಎಲ್ಲಕ್ಕೂ ನಾನೇ ಉತ್ತರಿಸಿದೆ. ಎಷ್ಟು ದಿನಗಳಿಂದ ಎಂಬುದಕ್ಕೆ ಅವರು 'ಹದಿನೈದು ದಿನ' ಎಂದು ಬರೆದುಕೊಂಡಾಗ, ಅದನ್ನು 'ದಿನಗಳು' ಎಂದು ತಿದ್ದಿಸಿದೆ.

"ಮೇಷ್ಟ್ರೇ, ಮುಟ್ಟಿ ನೋಡ್ಬೇಕು, ಆಚೆ ಇರಿ" ಎಂದು ಅವರು ಪರದೆ ಎಳೆದರು. ಒಳಗಿನ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇಷ್ಟ್ ದಪ್ಪ ಹದಿನೈದ್ ದಿನಕ್ಕೆ ಆಗಕಿಲ್ಲ ಕಣಮ್ಮ. ನಿಜ ಹೇಳಿ."

"ದೀಪಾವಳೀಲೇ ಕೈಗೆ ಸಿಕ್ತು ಕಣವ್ವ. ನಾದ್ನಿಗೆ ಯೋಳಿದ್ದೆ."

"ಯಜಮಾನ್ರಿಗೆ?"

"ಅವ್ರ್ಗಾ? ಗಂಟದೆ ಅಂದ್ರೆ, 'ಗಂಟದೆ ಅಲ್ಲ, ಗಂಟಿದೆ ಅನ್ನು' ಅಂತಾರೆ. ಮೊದ್ಲು ಮಾತ್ ತಿದ್ಕೊಂಡು ಆಮೇಲೆ ಯೋಳನ ಅಂತ ಸುಮ್ನಾಗ್ಬುಟ್ಟೆ."

ನರ್ಸ್ ನಕ್ಕರು. ಅವಳೂ ನಕ್ಕಳು.

ಪುಣಜನೂರಿನಿಂದ ತಿಂಗಳಿಗೊಮ್ಮೆ ಬಂದು ನಮ್ಮ ಮನೆಯಲ್ಲಿ ಉಂಡು ಹೋಗುತ್ತಿದ್ದ ನನ್ನ ತಂಗಿ ಎಂಟು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಪಕ್ಕದಲ್ಲೇ ಮಲಗುವ ನನ್ನ ಪಾಲಿಗೆ ಬಂದದ್ದು ಕಡೆಯ ಹದಿನೈದು ದಿನಗಳು ಮಾತ್ರ. ಹೊರಬಂದ ನರ್ಸ್ ನಾನು ತಿದ್ದಿಸಿದ್ದ ಸಾಲನ್ನೇ ಹೊಡೆದುಹಾಕಿ, 'ಎಂಟು ತಿಂಗಳು' ಎಂದು ಬರೆದರು.

ಗಂಟಿನ ಪರೀಕ್ಷೆಯ ವರದಿ ಬಂದ ದಿನ, ಕ್ಯಾನ್ಸರ್ ಅಲ್ಲವೆಂದು ಓದಿ ಹೇಳಿದವನು ನಾನು. ಕೇಳಿದೊಡನೆ ಅವಳು ನನ್ನ ಕಡೆ ತಿರುಗದೆ ನನ್ನ ತಂಗಿಗೆ ಫೋನ್ ಮಾಡಿದಳು. ಅಂದು ೨೦೨೩ರ ಜುಲೈ ಹತ್ತೊಂಬತ್ತು, ಬುಧವಾರ.