ಬಾಗಿಲಿಗೆ ಬಂದ ಪಲ್ಲಕ್ಕಿ, ಅಂಗಳಕ್ಕೆ ಬಂದ ಬಸ್ಸು

ಒಂದೂವರೆ ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ, ನನ್ನ ಹೆಂಡತಿ ಗಿರಿಜೆಗೆ ಸ್ತನದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ವೀರಭದ್ರಸ್ವಾಮಿಯ ಒಕ್ಕಲಾದ ನೀವೆಲ್ಲ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ನನ್ನ ನೆನಪನ್ನಂತೂ ನಂಬುವುದೇ ಇಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ. ಔಷಧಿಯನ್ನು ಅವಳು ತಡೆದುಕೊಂಡಳು. ತಡೆಯಲಾಗದ್ದು ಆಗುಂಬೆ ಘಾಟಿ. ಡ್ರಿಪ್ ಹಾಕಿಸಿಕೊಂಡು ಬರುವಾಗ ಒಂದೊಂದು ತಿರುವಿಗೂ ವಾಂತಿ. ಒಮ್ಮೆ ಬಸ್ಸಿನ ಕಂಡಕ್ಟರ್, "ಮಾರಾಯ್ರೆ, ಮುಂದೆ ಕರ್ಕೊಂಡು ಬನ್ನಿ, ಇಲ್ಲಿ ಕುಲುಕಾಟ ಕಡಿಮೆ" ಎಂದು ತಾನು ಎದ್ದು ತನ್ನ ಸೀಟು ಕೊಟ್ಟ. ಅವತ್ತು ಮನೆಗೆ ಬಂದವಳು ಜಗಲಿಯ ಮೇಲೇ ಮಲಗಿ, "ಇನ್ನು ನಾನು ಹೋಗೋದಿಲ್ಲ" ಎಂದಳು.

"ಇನ್ನೂ ಅರ್ಧ ಬಾಕಿ ಇದೆ. ಬಿಟ್ರೆ ಕಾಯಿಲೆ ವಾಪಸ್ ಬರ್ತದೆ."

"ಬರ್ಲಿ. ಅದಕ್ಕೆ ಘಾಟಿ ಹತ್ತೋ ಕಷ್ಟ ಇಲ್ವಲ್ಲ."

ಬೇಡಿಕೊಂಡೆ, ಗದರಿದೆ, ಮಾತು ಬಿಟ್ಟೆ. ಹೋಗಬೇಕಾದ ದಿನ ಕಳೆದೇಹೋಯಿತು. ಅಂಗಡಿಯಲ್ಲಿ ಸುಟ್ಟ ಮೋಟರು ಬಿಚ್ಚಿ ಕೂತವನಿಗೆ ಮುಂದೇನು ಮಾಡಬೇಕೆಂದೇ ತೋಚುತ್ತಿರಲಿಲ್ಲ.

ಅದು ಶಿವರಾತ್ರಿಯ ಸಮಯ. ಸ್ವಾಮಿಯ ಪಲ್ಲಕ್ಕಿ ಊರಾಡಲು ಹೊರಟಿತ್ತು. ಗುಡಿಗೆ ನಡೆದು ಬರಲಾಗದವರ ಬಾಗಿಲಲ್ಲಿ ಪಲ್ಲಕ್ಕಿಯನ್ನು ತಗ್ಗಿಸುವುದು, ಮನೆಯವರು ಹೊತ್ತವರ ಕಾಲಿಗೆ ನೀರು ಹಾಕುವುದು ನಮ್ಮಲ್ಲಿ ಮೊದಲಿಂದ ಬಂದ ಕ್ರಮ. ಆ ವರ್ಷ ನಮ್ಮ ಬಾಗಿಲಲ್ಲೂ ತಗ್ಗಿಸಿದರು. ಗಿರಿಜೆ ಬಾಗಿಲ ಚೌಕಟ್ಟು ಹಿಡಿದು ಎದ್ದು, ಹೊತ್ತವರ ಕಾಲಿಗೆ ನೀರು ಹಾಕಿ, ಸ್ವಾಮಿಯ ಮುಖ ನೋಡಿ ಜೋರಾಗಿಯೇ ಹೇಳಿದಳು:

"ಅಪ್ಪಾ, ಇಷ್ಟು ದೊಡ್ಡವನು ನೀನೇ ಕೈಲಾಗದವರ ಬಾಗಿಲಿಗೆ ಬರ್ತೀಯ. ಆ ಆಸ್ಪತ್ರೆಗೆ ಎಂತ ದೊಡ್ಡಸ್ತಿಕೆ? ಅದನ್ನೂ ಕರ್ಕೊಂಡು ಬಾ, ಚುಚ್ಚಿಸ್ಕೊಳ್ತೀನಿ. ಆಗದಿದ್ರೆ ನನ್ನನ್ನ ಏನೂ ಕೇಳ್ಬೇಡ."

ಹೊತ್ತವರಲ್ಲೊಬ್ಬ ನಕ್ಕ. ನನಗೆ ನಾಚಿಕೆಯಾಯಿತು. ದೇವರ ಹತ್ತಿರ ಹೀಗೂ ಕೇಳುತ್ತಾರೆಯೇ?

ಕೆಲವೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಬಂದರು. "ಕ್ಯಾನ್ಸರ್ ಚಿಕಿತ್ಸೆಯ ಬಸ್ಸು ಬರ್ತದಂತೆ ಅಣ್ಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಸರದಿ ಮೇಲೆ. ಡ್ರಿಪ್ಪೂ ಅದರೊಳಗೇ ಹಾಕ್ತಾರೆ."

ಹೀಗೆಂದು ನನಗೆ ನೆನಪು. ನಾದಿನಿ ಶಾಂತಾ ಒಪ್ಪುವುದಿಲ್ಲ. "ಇಲ್ಲ ಭಾವ, ಬಸ್ಸಿನ ಸುದ್ದಿ ಪಲ್ಲಕ್ಕಿಗಿಂತ ಮೊದಲೇ ಬಂದಿತ್ತು" ಎನ್ನುತ್ತಾಳೆ. ಬೇಕಾದ್ದನ್ನು ಹಿಂದೆ ಮುಂದೆ ಜೋಡಿಸಿಕೊಳ್ಳುವುದು ಮನಸ್ಸಿನ ಚಾಳಿ ಎಂದು ನನಗೂ ಗೊತ್ತು. ಆಶಾ ಕಾರ್ಯಕರ್ತೆಯನ್ನು ಕೇಳಿದೆ, ಅವರಿಗೂ ನೆನಪಿಲ್ಲ. ಗಿರಿಜೆಯನ್ನು ಕೇಳಿದರೆ, "ಯಾವುದು ಮೊದಲಾದ್ರೆ ನಿಮಗೇನು? ಸೂಜಿ ಚುಚ್ಚಿದ್ದು ನನಗಲ್ವಾ?" ಎಂದಳು.

ಬಸ್ಸು ಬಂದ ದಿನ ಸರ್ಕಾರಿ ಆಸ್ಪತ್ರೆಯ ಅಂಗಳಕ್ಕೆ ಆಟೋದಲ್ಲಿ ಹೋದೆವು. ಗಿರಿಜೆ ನೇರವಾಗಿ ಒಳಗೆ ಹತ್ತಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಮುಂದಿನ ಚಕ್ರಕ್ಕೆ ಸುರಿದಳು.

ಡ್ರೈವರ್ ಇಳಿದು ಬಂದ. "ಎಂತ ಅಮ್ಮಾ, ಗಾಡಿ ಬಿಸಿ ಆಗಿದೆ ಅಂದ್ಕೊಂಡ್ರಾ?"

"ಅಷ್ಟು ದೂರದಿಂದ ಹೊತ್ತು ತಂದಿದೆ. ಕಾಲಿಗೆ ನೀರು ಬೇಡ್ವಾ?"

ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಘಟ್ಟದ ಕೆಳಗಿನ ವೈದ್ಯರಿಗೆ ಫೋನು ಮಾಡಿ ಮಾತಾಡಿ, "ತಡವಾಗಿದೆ, ಆದರೂ ಮುಂದುವರಿಸಬಹುದು" ಎಂದರು. ಬಸ್ಸಿನೊಳಗೆ ಡ್ರಿಪ್ ಹಾಕುವಾಗ ಪಕ್ಕದ ಕುರ್ಚಿಯಲ್ಲಿದ್ದವಳು ಬಾಳೆಹೊನ್ನೂರು ಕಡೆಯ ಕಾಫಿ ತೋಟದ ಕೆಲಸದವಳು. ದೂರ ಹೋಗಿಬರಲಾಗದೆ ಚಿಕಿತ್ಸೆಯನ್ನೇ ಬಿಟ್ಟಿದ್ದವಳು. ಸಂಜೆಯೊಳಗೆ ಮನೆಗೆ ಹೋಗಿ ಗಂಜಿ ಕುಡಿಯಬಹುದು ಎನ್ನುವುದೇ ಅವಳಿಗೆ ದೊಡ್ಡ ಸಮಾಧಾನ. ಗಿರಿಜೆಗೂ ವಾಂತಿಯಾಯಿತು, ಆದರೆ ತನ್ನ ಮನೆಯಲ್ಲಿ, ತನ್ನ ಹಾಸಿಗೆಯ ಪಕ್ಕದಲ್ಲಿ. ಬಾಕಿ ಇದ್ದ ಕೀಮೋ ಅಷ್ಟನ್ನೂ ಆ ಬಸ್ಸಿನಲ್ಲೇ ಮುಗಿಸಿದಳು.

ಕಾಕತಾಳೀಯ ಎಂದು ನಗುವ ನನ್ನ ಸಹಪಾಠಿಗಳೇ, ನಗಿ. ಬಸ್ಸು ಕಳಿಸಿದ್ದು ಮನುಷ್ಯರೇ, ನನಗೂ ಗೊತ್ತು. ಅವರ ಮನಸ್ಸಿನಲ್ಲಿ ಅದನ್ನು ಹುಟ್ಟಿಸಿದವನಿಗೆ ನಾನು ಕೈಮುಗಿಯುತ್ತೇನೆ. ತಡೆಯಲು ನೀವು ಯಾರು? ಹರಕೆಯೊಂದೇ ಸಾಕು, ಔಷಧಿ ಬೇಡ ಎಂದು ಬಂದು ಹೇಳಿದ ಭಕ್ತರೇ, ನಿಮ್ಮ ಮಾತನ್ನೂ ನಾನು ಕೇಳುವುದಿಲ್ಲ. ನಮ್ಮ ಸ್ವಾಮಿ ಗುಡಿಯೊಳಗೇ ಕೂತು ಎಲ್ಲರೂ ಇಲ್ಲಿಗೇ ಬನ್ನಿ ಎಂದವನಲ್ಲ. ಆ ಬಸ್ಸು ನಿಂತುಹೋದರೆ ಆರೋಗ್ಯ ಇಲಾಖೆಯ ಕಚೇರಿಯ ಮುಂದೆ ಹೋಗಿ ಧರಣಿ ಕೂರುವವರಲ್ಲಿ ನಾನೇ ಮೊದಲಿಗ. ಅದೂ ನನಗೆ ಸ್ವಾಮಿಯ ಸೇವೆಯೇ.

ಈ ಶಿವರಾತ್ರಿಗೆ ಪಲ್ಲಕ್ಕಿ ಮತ್ತೆ ನಮ್ಮ ಬಾಗಿಲಿಗೆ ಬಂತು. ಹೊತ್ತವರು ಹೋದ ವರ್ಷದಂತೆಯೇ ಬಗ್ಗತೊಡಗಿದರು. ಮತ್ತೆ ಕೂದಲು ಬಂದ ತಲೆಯ ಮೇಲೆ ಸೆರಗು ಹೊದ್ದ ಗಿರಿಜೆ ಅಂಗಳಕ್ಕೇ ಇಳಿದು ಕೈ ಅಡ್ಡ ಹಿಡಿದಳು.

"ಇಲ್ಲಿ ತಗ್ಗಿಸ್ಬೇಡ್ರಪ್ಪಾ. ಮುಂದೆ ಯಾರಾದ್ರೂ ಏಳಲಾಗದವರು ಇರ್ತಾರೆ, ಅಲ್ಲಿ ತಗ್ಗಿಸಿ. ಗುಡಿಗೆ ನಾನೇ ನಡ್ಕೊಂಡು ಬರ್ತೀನಿ."

ಇದೂ ನನ್ನ ನೆನಪಿನ ಚಾಳಿ ಎನ್ನುವವರು ಪಲ್ಲಕ್ಕಿ ಹೊತ್ತವರನ್ನು ಕೇಳಿ ನೋಡಲಿ.