ಆಪತ್ತಿನ ಹಾಳೆಯಲ್ಲಿ ಪುಸ್ತಕ ಮುಚ್ಚಬಾರದು

ಈ ಶ್ರಾವಣದ ಓದಿನ ಸವಾಲಿನಲ್ಲಿ ನಾನು ಎಲ್ಲರಿಗಿಂತ ಹಿಂದೆ ಬಿದ್ದೆ. ವಾರಕ್ಕೊಂದರಂತೆ ತಿಂಗಳಿಡೀ ಪುಸ್ತಕ ಓದಬೇಕು, ಕೊನೆಯ ಭಾನುವಾರ ಕುಷ್ಟಗಿಯಲ್ಲಿ ಸೇರಿ ಓದಿದ್ದನ್ನು ಹೇಳಬೇಕು ಎಂಬುದು ಕರಾರು. ಕಾಲೇಜಿನಲ್ಲಿ ನನ್ನ ಜೊತೆ ಓದಿ ಈಗ ಕುಷ್ಟಗಿಯಲ್ಲಿ ಶಿಕ್ಷಕಿಯಾಗಿರುವ ಗೆಳತಿಗೆ ಹೊಳೆದ ಉಪಾಯ ಇದು. ಅವಳು ವಾಟ್ಸಾಪ್ ಗುಂಪಿನಲ್ಲಿ ಕೇಳಿದ ಕೂಡಲೇ ಮೊದಲು ಕೈ ಎತ್ತಿದವಳು ನಾನೇ. ಕೊಪ್ಪಳದಿಂದ ಗಂಗಾವತಿಗೆ ದಿನಾಲೂ ನೌಕರಿಗೆ ಹೋಗಿಬರುವವಳಿಗೆ ಓದಲು ಹೊತ್ತೆಲ್ಲಿ ಎಂದು ಯಾರೋ ಛೇಡಿಸಿದಾಗ, ಹೊತ್ತು ಇರುವುದೇ ಬಸ್ಸಿನಲ್ಲಿ ಎಂದು ಉತ್ತರ ಕೊಟ್ಟಿದ್ದೆ. ಅದು ಬರೀ ಜಂಬದ ಮಾತಲ್ಲ. ಮದುವೆಯಾಗಿ ಬಂದ ಮೇಲೆ ನಾನು ಓದಿದ್ದೆಲ್ಲ ಆ ರಸ್ತೆಯ ಮೇಲೆಯೇ. ಮನೆಯಲ್ಲಿ ಅಡುಗೆ, ಕಚೇರಿಯಲ್ಲಿ ಕಂಪ್ಯೂಟರು. ನಡುವೆ ಕಿಟಕಿಯ ಪಕ್ಕದ ಸೀಟು ಮತ್ತು ತೊಡೆಯ ಮೇಲೊಂದು ಪುಸ್ತಕ. ಕಂಡಕ್ಟರ್ ನನ್ನ ಪಾಸು ನೋಡುವುದನ್ನೂ ಬಿಟ್ಟಿದ್ದ. "ಓದ್ರಿ ಮೇಡಂ, ಓದ್ರಿ" ಎಂದು ಮುಂದಿನ ಸೀಟಿಗೆ ಹೋಗುತ್ತಿದ್ದ.

ಶ್ರಾವಣ ಹಿಡಿದ ವಾರವೇ ಆ ಓದು ನಿಂತಿತು.

ಗಂಗಾವತಿ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಕಾಲುವೆಯ ಮಗ್ಗುಲಿಗೆ ಬರುತ್ತದೆ. ಡ್ಯಾಮಿನಿಂದ ನೀರು ಬಿಟ್ಟು ಕಾಲುವೆ ದಂಡೆಗೆ ದಂಡೆ ತುಂಬಿ ಹರಿಯುತ್ತಿತ್ತು. ನಮ್ಮ ಬಸ್ಸಿನ ಮುಂದೆ, ಭತ್ತ ನಾಟಿಗೆ ಹೊರಟ ಹೆಣ್ಣಾಳುಗಳನ್ನು ತುಂಬಿಕೊಂಡು ಒಂದು ಟಂಟಂ ಆಟೊ ಹೋಗುತ್ತಿತ್ತು. ಟೈರು ಸಿಡಿದ ಸದ್ದಿಗೆ ನಾನು ಪುಸ್ತಕದಿಂದ ತಲೆ ಎತ್ತಿದೆ. ಟಂಟಂ ಅತ್ತಿತ್ತ ವಾಲಾಡಿ, ದಂಡೆಯ ಕಲ್ಲು ಕೆಡವಿ, ಅರ್ಧ ಹೊರಗೆ ಅರ್ಧ ಒಳಗೆ ನಿಂತುಬಿಟ್ಟಿತು. ಮುಂದಿನ ಗಾಲಿ ನೀರಿನ ಮೇಲೆ, ಬರೀ ಗಾಳಿಯಲ್ಲಿ, ತಿರುಗುತ್ತಿತ್ತು. ಒಳಗಿದ್ದವರು ಯಾರೂ ಕೂಗಲಿಲ್ಲ. ಕೂಗಿದರೆ ಗಾಡಿ ಅಲುಗಾಡೀತು ಎಂಬಂತೆ ಎಲ್ಲರೂ ಉಸಿರು ಹಿಡಿದು ಕುಳಿತಿದ್ದರು. ನಾನು ಆ ಗಾಲಿಯನ್ನೇ ನೋಡುತ್ತಿದ್ದೆ.

ಯಾರಿಗೂ ಏನೂ ಆಗಲಿಲ್ಲ. ಸಂಜೆ ಮನೆಯಲ್ಲಿ, "ಇವತ್ತ ಒಂದು ಟಂಟಂ ಕಾಲುವಿ ದಂಡಿಗೆ ಹೋಗಿತ್ರಿ, ಎಲ್ಲಾರೂ ಪಾರಾದ್ರು" ಎಂದು ಹೇಳಿ ರೊಟ್ಟಿಗೆ ಹಿಟ್ಟು ನಾದಲು ಕುಳಿತೆ. ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಬಸ್ಸಿನಲ್ಲಿ ಪುಸ್ತಕ ತೆರೆದರೆ ಎರಡನೆಯ ಸಾಲಿಗೆ ಗಾಲಿ ಬಂತು. ಸಾಲು ಬಿಟ್ಟು ಮುಂದಿನದಕ್ಕೆ ಹೋದರೆ ಅಲ್ಲಿಯೂ ಗಾಲಿ. ಮನೆಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ಎಲ್ಲಿ ಹಾಳೆ ಬಿಡಿಸಿದರೂ ಅದೇ. ಒಲೆ ಮುಂದೆ ಕೂತಾಗ, ಬಟ್ಟೆ ಒಗೆಯುವಾಗ ಅದರ ಸುಳಿವಿರಲಿಲ್ಲ. ಕಣ್ಣು ಅಕ್ಷರದ ಮೇಲೆ ಇಟ್ಟರೆ ಸಾಕು, ನೀರು, ಗಾಲಿ. ಗುಂಪಿನಲ್ಲಿ ಉಳಿದವರು ಮುಗಿಸಿದ ಪುಸ್ತಕಗಳ ಫೋಟೊ ಹಾಕುತ್ತಿದ್ದರು. ನನಗೆ ಸೋಲುವ ಹೆದರಿಕೆ ಇರಲಿಲ್ಲ. ಓದು ನನ್ನಿಂದ ಹೋಗಿಯೇಬಿಟ್ಟರೆ ಎಂಬುದೇ ದೊಡ್ಡ ಹೆದರಿಕೆಯಾಗಿತ್ತು. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಅದೇ ಹೊತ್ತಿಗೆ ನಮ್ಮ ಅತ್ತೆ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡು ಪಡಸಾಲೆಯ ಮಂಚ ಹಿಡಿದಿದ್ದರು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ ಅವರ ತವರು. ಅಲ್ಲಿದ್ದಾಗಿನಿಂದಲೂ ಶ್ರಾವಣದಲ್ಲಿ ಮಠದ ಪುರಾಣ ತಪ್ಪಿಸಿದವರಲ್ಲ. ಈ ಸಲ ಹೋಗುವಂತಿಲ್ಲ. ಸಂಜೆಯಾದರೆ ಓಣಿಯ ಹೆಂಗಸರು ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಡುವುದನ್ನು ಬಾಗಿಲಲ್ಲಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿನ ನಡುವೆ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಏನವಾ, ಅದೊಂದ ಹಾಳಿ ಎಷ್ಟ ದಿನ ಓದ್ತಿ? ಅದರಾಗ ಬಂಗಾರ ಹುಗದಿಟ್ಟಾರೇನು?"

"ಓದಾಕ ಆಗವಲ್ದು ಅತ್ಯಾರ. ಕಣ್ಣು ನಿಲ್ಲವಲ್ದು."

"ಕಣ್ಣ ನಿಲ್ಲದಿದ್ರ ಬಾಯಿ ಐತೆಲ್ಲ? ಬಾಯಿ ಬಿಟ್ಟು ಓದು. ನನಗೂ ಪುರಾಣ ಕೇಳಿಧಂಗ ಆಗತೈತಿ."

"ಇದು ಪುರಾಣ ಅಲ್ರಿ. ಪತ್ತೇದಾರಿ ಕಥಿ. ಕಳ್ಳರದು."

"ಪುರಾಣದಾಗ ಕಳ್ಳರು ಇಲ್ಲೇನು? ಓದು ಓದು."

ಆ ಪುಸ್ತಕವನ್ನು ಬಸ್ ನಿಲ್ದಾಣದ ಹತ್ತಿರ ಹಳೆಯ ಪುಸ್ತಕ ಮಾರುವವನಿಂದ ತಂದಿದ್ದೆ. ರಟ್ಟು ಹರಿದು ಹೋಗಿ ಅದರ ಹೆಸರಾಗಲೀ ಬರೆದವರ ಹೆಸರಾಗಲೀ ಉಳಿದಿರಲಿಲ್ಲ. ಅತ್ತೆ ಅದನ್ನು ಹಾಗೇ ಓದಲು ಬಿಡಲಿಲ್ಲ. ದೇವರ ಕೋಣೆಯಿಂದ ವ್ಯಾಸಪೀಠ ತರಿಸಿದರು, ಪುಸ್ತಕಕ್ಕೆ ವಿಭೂತಿ ಹಚ್ಚಿಸಿದರು, ಕಾಯಿ ಒಡೆಸಿದರು. ಮಗ್ಗುಲು ಮನೆಯ ಕಾಕುವನ್ನು ಕರೆಕಳಿಸಿದರು. ತಾವರಗೇರಾದಿಂದ ಸೊಸೆಯಾಗಿ ಬಂದು ನಮ್ಮ ಓಣಿಯ ಎಲ್ಲರಿಗೂ ಕಾಕು ಆಗಿರುವ ಅವರಿಗೂ ಮಠದ ಮೆಟ್ಟಿಲು ಹತ್ತಲು ಮೊಳಕಾಲು ಬಿಡುತ್ತಿರಲಿಲ್ಲ. ಇಬ್ಬರೂ ತಲೆಯ ಮೇಲೆ ಸೆರಗು ಹೊದ್ದು ಕುಳಿತರು. ನಾನು ಓದಲು ಶುರು ಮಾಡಿದೆ. ಮೊದಲ ಸಾಲಿನಲ್ಲಿಯೇ ಹಳೆಯ ಬಂಗಲೆಯ ಮೆಟ್ಟಿಲ ಮೇಲೆ ಒಂದು ಹೆಣ ಬಿದ್ದಿತ್ತು.

"ಅಯ್ಯ ಶಿವನ! ಕಾಯಿ ಒಡದ ಕೈ ಇನ್ನೂ ಒಣಗಿಲ್ಲ, ಆಗಲೇ ಹೆಣಾನ?" ಎಂದರು ಅತ್ತೆ.

"ಇರಲಿ ಬಿಡಕ್ಕ, ಯಾರು ಕೊಂದ್ರು ಕೇಳೋಣು" ಎಂದರು ಕಾಕು.

ಓದುತ್ತ ಓದುತ್ತ ಒಂದು ಬೆರಗು ನನ್ನ ಅರಿವಿಗೆ ಬಂತು. ಬಾಯಿ ಬಿಟ್ಟು ಓದುವಾಗ ಗಾಲಿ ಬರಲಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಕಳ್ಳನ ಮಾತಿಗೆ ಯಾವ ದನಿ, ಎಂದು ನೋಡುವುದರಲ್ಲೇ ತಲೆ ತುಂಬಿಹೋಗುತ್ತಿತ್ತು. ಅಧ್ಯಾಯ ಮುಗಿಯಿತು. ಬಂಗಲೆಯ ಹುಡುಗಿ ಸತ್ತವರ ಗುಟ್ಟು ಹುಡುಕಿಕೊಂಡು ಹಗ್ಗ ಹಿಡಿದು ಪಾಳು ಬಾವಿಗೆ ಇಳಿದಿದ್ದಾಳೆ, ಮೇಲೆ ಯಾರೋ ಒಬ್ಬ ಹಗ್ಗ ಕೊಯ್ಯುತ್ತಿದ್ದಾನೆ. ನಾನು ಸಮಾಧಾನದಿಂದ ಪುಸ್ತಕ ಮುಚ್ಚಲು ಹೋದೆ.

"ಮುಚ್ಚಬ್ಯಾಡ!" ಇಬ್ಬರೂ ಒಟ್ಟಿಗೆ ಕೂಗಿದರು.

ಮಠದಲ್ಲಿ ಒಂದು ಕಟ್ಟಳೆ ಇದೆ. ಶರಣರಿಗೆ ಆಪತ್ತು ಬಂದ ಜಾಗದಲ್ಲಿ ಅಂದಿನ ಪುರಾಣ ನಿಲ್ಲಿಸುವುದಿಲ್ಲ. ಶಾಸ್ತ್ರಿಗಳು ಆಪತ್ತು ದಾಟಿಸಿ, ಮಂಗಳಾರತಿ ಮಾಡಿಸಿ, ಆಮೇಲೆಯೇ ಏಳಬೇಕು. ಇಲ್ಲದಿದ್ದರೆ ಕೇಳಿದವರು ಆ ಆಪತ್ತನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ ಎಂದು ನಂಬಿಕೆ. ಇದು ವಾರಪತ್ರಿಕೆಯ ಧಾರಾವಾಹಿ ಇದ್ದಂತಿದೆ, ಮುಂದಿನ ವಾರ ಜನ ಓದಲಿ ಎಂದು ಬೇಕಂತಲೇ ಹೀಗೆ ನಿಲ್ಲಿಸಿರುತ್ತಾರೆ ಎಂದು ನಾನು ವಿವರಿಸಿದೆ. ಅತ್ತೆಗೆ ಸಿಟ್ಟು ಬಂತು.

"ಎಂಥ ಮನಿಶ್ಯಾ ಇದ್ದಾನು! ಹುಡುಗೀನ ಬಾವ್ಯಾಗ ಜೋತಾಡಸಿ ತಾ ಊಟಕ್ಕ ಎದ್ದು ಹೋಗ್ಯಾನ. ಅವಂಗ ಅಕ್ಕ ತಂಗೇರು ಇದ್ದಿಲ್ಲೇನು? ಓದವಾ, ಮ್ಯಾಲ ತಗಿ ಆಕೀನ."

ಹುಡುಗಿ ಮುಂದಿನ ಅಧ್ಯಾಯದ ನಡುವೆ ಮೇಲೆ ಬಂದಳು. ಅಲ್ಲಿ ನಿಲ್ಲಿಸಬಹುದಿತ್ತು, ಆದರೆ ಅಷ್ಟರಲ್ಲಿ ಇನ್ನೊಬ್ಬನಿಗೆ ವಿಷದ ಚಹಾ ಬಂದಿತ್ತು. ಹೀಗೆ ದಿನಾಲೂ ನಡೆಯಿತು. ಆ ಪುಸ್ತಕದಲ್ಲಿ ಯಾರೂ ಸುಖವಾಗಿರುವ ಹಾಳೆಯೇ ಇರಲಿಲ್ಲ. ಒಂದು ಸಂಜೆ ನಮ್ಮ ಮನೆಯವರು ಕೆಲಸದಿಂದ ಬಂದು, ಒಲೆ ತಣ್ಣಗಿರುವುದನ್ನು ನೋಡಿ, "ಯವ್ವಾ, ಊಟ ಗೀಟ ಐತೋ ಇಲ್ಲೋ?" ಎಂದರು.

"ಅಲ್ಲೊಬ್ಬಾಕಿ ಉರಿಯೋ ಮನ್ಯಾಗ ಸಿಕ್ಕೊಂಡಾಳ, ನಿನಗ ಊಟದ ಚಿಂತಿ!"

ಅವರು ಚೀಲ ಅಲ್ಲೇ ಬಿಸಾಕಿ ಕೊಡ ಎತ್ತಿಕೊಂಡು ಓಣಿಗೆ ಓಡಿದರು. ಯಾರ ಮನೆ ಎಂದು ನಾಲ್ಕು ಬಾಗಿಲು ಕೇಳಿ ತಿರುಗಿ ಬಂದಾಗ ಕಾಕು ನಕ್ಕು ನಕ್ಕು ಗೋಡೆಗೆ ಒರಗಿದ್ದರು. ಅಂದಿನಿಂದ ಅವರೂ ಬಾಗಿಲ ಬಳಿ ಮಂಡಕ್ಕಿ ಹಿಡಿದು ಕೂರತೊಡಗಿದರು. ಕಥೆಯಲ್ಲಿದ್ದ ಕುಂಟನೇ ಕೊಲೆಗಾರ ಎಂದು ಅವರ ವಾದ. ಅತ್ತೆ ಒಪ್ಪಲಿಲ್ಲ. "ಉಳುಕಿದ ಕಾಲಿನ ಸಂಕಟ ನಿನಗೇನ ಗೊತ್ತೋ? ಆ ಕಾಲು ತಗೊಂಡು ಗ್ವಾಡಿ ಜಿಗಿಯಾಕ ಆಗತೈತೇನು?"

ಸಂಜೆಗಳು ಹೀಗೆ ಛಲೋ ಇದ್ದವು. ಬಸ್ಸಿನಲ್ಲಿ ಮಾತ್ರ ಚೀಲದೊಳಗಿನ ಪುಸ್ತಕ ಹೊರಗೆ ಬರುತ್ತಿರಲಿಲ್ಲ. ಕಿಟಕಿಯ ಸೀಟು ಬಿಟ್ಟುಕೊಟ್ಟು, ಕಾಲುವೆ ಬರುವಾಗ ಕಣ್ಣು ಮುಚ್ಚಿ ಕೂರುತ್ತಿದ್ದೆ. ಕಂಡಕ್ಟರ್ ಒಮ್ಮೆ, "ಯಾಕ್ರಿ ಮೇಡಂ, ಪರೀಕ್ಷಾ ಮುಗದ್ವೇನು?" ಎಂದು ಕೇಳಿ, ನನ್ನ ಮುಖ ನೋಡಿ ಮುಂದಿನ ಸೀಟಿಗೆ ಹೋದ.

ತಿಂಗಳು ಮುಗಿಯುತ್ತ ಬಂದಾಗ ಕಥೆಯಲ್ಲಿ ಒಂದು ಹಳ್ಳ ಬಂತು. ಮಳೆಗೆ ತುಂಬಿ ಬಂದ ಹಳ್ಳ, ಜನ ಕೂತ ಎತ್ತಿನ ಬಂಡಿ, ದಂಡೆಯಿಂದ ಜಾರಿದ ಗಾಲಿ. ನನ್ನ ಓದು ನಿಂತಿತು. ಪುಸ್ತಕ ಮುಚ್ಚಲು ಕೈ ಹೋಯಿತು.

"ಏನಾತು? ಮುಂದ ಓದು" ಎಂದರು ಅತ್ತೆ.

"ಆಗೂದಿಲ್ರಿ. ನಾ ನೋಡೇನಿ ಇದನ್ನ." ಅಷ್ಟು ಹೇಳಿದ ಮೇಲೆ ತಡೆಯಲಾಗಲಿಲ್ಲ. ಕಾಲುವೆ, ಟಂಟಂ, ಉಸಿರು ಹಿಡಿದು ಕುಳಿತ ಹೆಂಗಸರು, ಗಾಳಿಯಲ್ಲಿ ತಿರುಗುವ ಗಾಲಿ, ಎಲ್ಲ ಹೇಳಿದೆ.

"ಮುಂದ?" ಎಂದರು ಕಾಕು.

"ಮುಂದೇನಿಲ್ಲ. ಎಲ್ಲಾರೂ ಪಾರಾದ್ರು."

"ಹೆಂಗ ಪಾರಾದ್ರು? ಏ, ಅವರನ್ನ ಅಲ್ಲೇ ಕುಂದರಸಬ್ಯಾಡವಾ. ಒಬ್ಬೊಬ್ಬರನ್ನ ಇಳಸು."

ನಾನು ನೆನಪು ಮಾಡಿಕೊಳ್ಳಬೇಕಾಯಿತು. ಅದು ಕಷ್ಟವಾಗಿತ್ತು, ಏಕೆಂದರೆ ಅಷ್ಟು ದಿನ ನಾನು ಗಾಲಿಯ ಆಚೆಗೆ ಹೋಗಿರಲೇ ಇಲ್ಲ. ಮೊದಲು ಕಂಡಕ್ಟರ್ ಜಿಗಿದ. ಹಿಂದೆಯೇ ಬಸ್ಸಿನ ಗಂಡಸರು ಓಡಿ ಟಂಟಂನ ಹಿಂಬದಿಯ ಕಂಬಿಗೆ ಜೋತುಬಿದ್ದರು. ನಮ್ಮ ಡ್ರೈವರ್, "ಹಿಂದಿನವ್ರು ಅಲುಗಾಡಬ್ಯಾಡ್ರಿ, ಮುಂದಿನವ್ರು ಮೊದಲ ಬರ್ರಿ" ಎಂದು ಕೂಗಿದ. ಮುಂದಿನವರು ಹಿಂದಿನವರ ತೊಡೆ ತುಳಿದುಕೊಂಡು ಬಂದರು. ಎಲ್ಲರಿಗಿಂತ ಹಿಂದೆ ಒಬ್ಬ ದಪ್ಪನೆಯ ಹೆಂಗಸು ಕುಳಿತಿದ್ದಳು. ಕಡೆಯವರೆಗೆ ಅವಳನ್ನು ಇಳಿಯಲು ಬಿಡಲಿಲ್ಲ. ಕೆಳಗಿಳಿದವಳೇ ಸೊಂಟದ ಮೇಲೆ ಕೈಯಿಟ್ಟು, "ನನ್ನ ಮೈ ನೋಡಿ ನಗತಿದ್ರೆಲ್ಲ ದಿನಾ? ಈಗ ಕೈ ಮುಗೀರಿ ಈ ಮೈಗೆ!" ಎಂದಳು.

ಅತ್ತೆ ನಗಲು ಶುರು ಮಾಡಿದರು. ಕಾಕು ಕಣ್ಣೊರೆಸಿಕೊಂಡರು. "ಮತ್ತ ಅವರ ಬುತ್ತಿ?"

"ಬುತ್ತಿ ಗಂಟೆಲ್ಲ ನೀರಾಗ ಹೋದ್ವು. ಬಸ್ಸಿನ್ಯಾಗಿದ್ದವ್ರು ತಮ್ಮ ತಮ್ಮ ಡಬ್ಬಿ ಕೊಟ್ರು. ನಾನೂ..." ಎಂದು ತಡೆದೆ. ನನ್ನ ಊಟದ ಡಬ್ಬಿಯನ್ನು ಒಬ್ಬ ಮುದುಕಿಯ ಕೈಗೆ ಕೊಟ್ಟದ್ದು, ಅವಳು ನನ್ನ ಗಲ್ಲ ಸವರಿದ್ದು ಆಗ ನೆನಪಾಯಿತು. ಅವಳ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

"ನನ್ನ ಸ್ಟೀಲಿನ ಡಬ್ಬಿ!" ಅತ್ತೆ ಮಂಚದ ಮೇಲೆ ನೆಟ್ಟಗೆ ಕುಳಿತರು. "ತಿಂಗಳಾತು ಹುಡಕಾಕತ್ತೀನಿ. ಪಾಪ, ಕಾಕುನ ಮ್ಯಾಲೆ ಅನುಮಾನ ಮಾಡಿದ್ನೆಲ್ಲ!"

"ನನ್ನ ಮ್ಯಾಲೆ? ಏನಂದಿ ಯಕ್ಕಾ?"

ಅವರಿಬ್ಬರ ಜಗಳ ತಣ್ಣಗಾಗುವವರೆಗೆ ನಾನು ನೀರು ಕುಡಿದು ಬಂದೆ. ಆಮೇಲೆ ವ್ಯಾಸಪೀಠದ ಮುಂದೆ ಕುಳಿತು ಬಂಡಿಯನ್ನು ಹಳ್ಳ ದಾಟಿಸಿದೆ. ಕಥೆಯ ಎತ್ತುಗಳಿಗೆ ಕಾಕು "ಹ್ವಾ, ಹ್ವಾ" ಎಂದು ಹುರಿದುಂಬಿಸುತ್ತಿದ್ದರು.

ಕುಷ್ಟಗಿಯ ಭಾನುವಾರಕ್ಕೆ ಅತ್ತೆಯೂ ಕೋಲು ಊರಿಕೊಂಡು ಹೊರಟರು. ಉಳಿದವರೆಲ್ಲ ನಾಲ್ಕು ನಾಲ್ಕು ಪುಸ್ತಕ ಓದಿ ಬಂದಿದ್ದರು. ಅವರ ಮಾತು ಕೇಳುವುದೇ ಒಂದು ಸುಖವಾಗಿತ್ತು. ನನ್ನ ಸರದಿ ಬಂದಾಗ ಹೆಸರಿಲ್ಲದ ಒಂದೇ ಒಂದು ಪುಸ್ತಕ ಎತ್ತಿ ತೋರಿಸಿದೆ. "ಹೆಸರಿಲ್ಲದ್ದು ಲೆಕ್ಕಕ್ಕಿಲ್ಲ" ಎಂದು ಗೆಳತಿ ಕಾಲೆಳೆದಳು. "ನಾಲ್ಕು ಮಂದಿ ಓದೇವಿ, ನಾಲ್ಕು ಅಂತ ಬರಕೋ" ಎಂದು ಅತ್ತೆ ಗದರಿದರು. ಕೊಲೆಗಾರ ಯಾರು ಎಂದು ಗೆಳತಿ ಎಷ್ಟು ಗೋಗರೆದರೂ ಅತ್ತೆ ಹೇಳಲಿಲ್ಲ. ಬೇಕಾದವರು ಕೊಪ್ಪಳಕ್ಕೆ ಬಂದು ಕೇಳಬೇಕಂತೆ.

ಸೋಮವಾರ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಹೋಗಿ ಕುಳಿತೆ. ಹೊಸ ಪುಸ್ತಕ ತೆರೆದೆ. ಕಾಲುವೆ ಯಾವಾಗ ಬಂತೋ ತಿಳಿಯಲೇ ಇಲ್ಲ ಎಂದು ಬರೆಯಲು ಆಸೆ, ಆದರೆ ತಿಳಿಯಿತು. ಕಾಲುವೆಗೆ ಮುಂಚೆ ಬರುವ ಸೇತುವೆಯಲ್ಲಿಯೇ ಅಕ್ಷರಗಳ ಮೇಲೆ ಗಾಲಿ ಬಂದು ನಿಂತಿತು. ತುಟಿ ಅಲುಗಾಡಿಸಿ, ನನಗಷ್ಟೇ ಕೇಳುವಂತೆ ಓದತೊಡಗಿದೆ. ಕೆಡವಿದ ಕಲ್ಲಿನ ಜಾಗಕ್ಕೆ ಯಾರೋ ಹೊಸ ಕಲ್ಲು ನೆಟ್ಟು ಸುಣ್ಣ ಬಳಿದಿದ್ದು ಓರೆಗಣ್ಣಿಗೆ ಕಂಡಿತು. ಓದು ನಿಲ್ಲಿಸಲಿಲ್ಲ. ಹಾಳೆ ತಿರುವಿದೆ.

ಪಕ್ಕದಲ್ಲಿ ಕುಳಿತ, ಮೊಣಕೈಯವರೆಗೆ ಹಸಿರು ಬಳೆಯ ಹೆಂಗಸು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಏನ್ರಿ ಅಕ್ಕಾರ, ಮಂತ್ರ ಹೇಳಾಕತ್ತೀರೇನು?"

"ಇಲ್ರಿ. ಕಥಿ."

"ಹಂಗಾರ ಜರಾ ಜೋರ ಹೇಳ್ರಿ. ಗಂಗಾವತಿ ಇನ್ನೂ ದೂರ ಐತಿ."