ಮ್ಯೂಟ್ ಆಗಿದ್ದ ಲ್ಯಾಪ್‌ಟಾಪು ‘ತಡೀರಿ’ ಎಂದದ್ದು

ಸರ್ವರ್ ರೂಮಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ. ಕಂಪ್ಯೂಟರು ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂದು ಎಷ್ಟು ಜನರ ಎದುರು ವಾದಿಸಿದ್ದೇನೋ ನೆನಪಿಲ್ಲ. ಅಂಥವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನಿಮಗೆ ನಗು ಬಂದರೆ ನಗಿ, ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಬಾಲಾನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಕುಳಿತು, ಬಿಡುವಿದ್ದಾಗ, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಮುಕ್ತ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದೆ. ಕಣ್ಣು ಕಾಣದವರಿಗಾಗಿ ನಾವು ನಾಲ್ಕಾರು ಮಂದಿ ಪುಕ್ಕಟೆ ಮಾಡುವ ಕೆಲಸ. ಎಲ್ಲವನ್ನೂ ನಾವೇ ಬರೆದದ್ದಲ್ಲ. ಹೋಳಿಗೆ ನಮ್ಮದು, ಬೆಲ್ಲ ಅಂಗಡಿಯದು ಎಂಬಂತೆ, ಅಂಕಿ ಓದಲು, ಸಂಕ್ಷಿಪ್ತ ಪದ ಬಿಡಿಸಲು ಬೇರೆ ಯಾರೋ ಬರೆದ ಪ್ಯಾಕೇಜುಗಳು. ಅವರು ಹೊಸ ಆವೃತ್ತಿ ಬಿಟ್ಟಾಗಲೆಲ್ಲ ಏನು ಬದಲಾಗಿದೆ ಎಂದು ಸಾಲು ಸಾಲಾಗಿ ಓದಿ ಒಪ್ಪಿಗೆ ಒತ್ತಬೇಕು. ಒತ್ತಿದರೆ ಸಾಕು, ಬಳಸುವವರ ಲ್ಯಾಪ್‌ಟಾಪು, ಫೋನುಗಳಿಗೆಲ್ಲ ಅದು ತಾನಾಗಿ ಹೋಗುತ್ತದೆ. ಸಾಲು ಸಾಲಾಗಿ ಓದುವುದು ನಿಯಮ. ನಿಜದಲ್ಲಿ ಎಲ್ಲರೂ ಬೆರಳಿನಿಂದ ಸರ್ರನೆ ಜಾರಿಸುವುದೇ.

ಆ ಸಂಜೆ ಹಿಮಾಯತ್‌ನಗರದಲ್ಲಿ ನಮ್ಮ ಹೊರನಾಡ ಕನ್ನಡ ಸಂಘದ ಕಾರ್ಯಕ್ರಮ. ನಿರೂಪಣೆ ಸುಮಿತ್ರಾಳದು. ಕಲಬುರಗಿ ಕಡೆಯವಳು, ಹುಟ್ಟಿನಿಂದ ಕಣ್ಣಿಲ್ಲ, ಬೇಗಂಪೇಟೆಯ ಒಂದು ಕಚೇರಿಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಾಳೆ. ಅವಳೇ ಬರೆದ ಮಾತುಗಳನ್ನು ನಮ್ಮ ತಂತ್ರಾಂಶ ಕಿವಿಯಲ್ಲಿ ಓದುತ್ತ ಹೋದಂತೆ ಅವಳು ಮೈಕಿನಲ್ಲಿ ಹೇಳುತ್ತ ಹೋಗುವುದು ಎಂದು ಏರ್ಪಾಟು. ವೇದಿಕೆ ಹತ್ತಬೇಕೆಂಬುದು ಅವಳ ಬಹಳ ದಿನಗಳ ಆಸೆ. ಕಾರ್ಯದರ್ಶಿಗೆ ಮನಸ್ಸಿರಲಿಲ್ಲ. ಒಂದು ಕಡೆ ತಡವರಿಸಿದರೂ ಮೈಕು ತಮ್ಮ ನಾದಿನಿಗೆ, ಅವಳು ಮುಂದೆಂದೂ ಕೇಳಬಾರದು ಎಂದು ಮೊದಲೇ ಹೇಳಿಬಿಟ್ಟಿದ್ದರು. ನಾದಿನಿ ಸೀರೆ ಇಸ್ತ್ರಿ ಮಾಡಿಸಿಕೊಂಡು ಕಾಯುತ್ತಿದ್ದರು.

ಅಂದೇ ಮಧ್ಯಾಹ್ನ, ಸಂಕ್ಷಿಪ್ತ ಪದಗಳ ಪ್ಯಾಕೇಜಿನಲ್ಲಿ ಕಳ್ಳರು ನುಗ್ಗುವಂಥ ತೂತು ಸಿಕ್ಕಿದೆ, ಕೂಡಲೇ ಹೊಸದು ಹಾಕಿಕೊಳ್ಳಿ ಎಂಬ ಎಚ್ಚರಿಕೆ ಬಂತು. ನಮ್ಮ ಗುಂಪಿನ ವೀರೇಶ, ರಾಯಚೂರಿನವನು, ಆಗಲೇ ನೋಡಿ ಮುಗಿಸಿ ಫೋನು ಮಾಡಿದ. “ಭಾಳ ಚಲೋ ಐತ್ರಿ ಮೇಡಂ, ಕಣ್ಣು ಮುಚ್ಚಿ ಒತ್ರಿ.”

ಪಕ್ಕದ ಮನೆಯವರು ತಮ್ಮ ಕೂಸನ್ನು ನಮ್ಮಲ್ಲಿ ಮಲಗಿಸಿ ಅಂಗಡಿಗೆ ಹೋಗಿದ್ದರು. ಅದು ಏಳಬಾರದೆಂದು ಲ್ಯಾಪ್‌ಟಾಪನ್ನು ಮ್ಯೂಟ್ ಮಾಡಿದ್ದೆ. ಬದಲಾವಣೆಗಳನ್ನು ಸರ್ರನೆ ಜಾರಿಸಿ, ಒಪ್ಪಿಗೆಯ ಮೇಲೆ ಬೆರಳಿಟ್ಟೆ. ಆಗ ಲ್ಯಾಪ್‌ಟಾಪು, ನಮ್ಮ ತಂತ್ರಾಂಶದ ಅದೇ ಏರಿಳಿತವಿಲ್ಲದ ದನಿಯಲ್ಲಿ, “ತಡೀರಿ” ಎಂದಿತು.

ಭ್ರಮೆ ಎನ್ನೋಣವೆಂದರೆ ಕೂಸು ಕಣ್ಣು ಬಿಟ್ಟು ಲ್ಯಾಪ್‌ಟಾಪಿನ ಕಡೆಗೇ ನೋಡುತ್ತಿತ್ತು. ಮ್ಯೂಟ್ ಹಾಗೇ ಇತ್ತು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ನಮ್ಮ ಕಡತಗಳನ್ನೆಲ್ಲ ಜಾಲಾಡಿದೆ, ‘ತಡೀರಿ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಆದರೂ ಒತ್ತಲು ಕೈ ಬರಲೊಲ್ಲದು. ಬೈದುಕೊಳ್ಳುತ್ತ ಮೊದಲ ಸಾಲಿನಿಂದ ಓದತೊಡಗಿದೆ.

ಸಂಘಗಳ ಹೆಸರಿನ ಕೊನೆಗೆ ‘ರಿ’ ಎಂದು ಬರೆಯುತ್ತೇವಲ್ಲ, ನೋಂದಣಿಯಾಗಿದೆ ಎಂದು ತೋರಿಸಲು? ಅದನ್ನು ‘ನೋಂದಾಯಿತ’ ಎಂದು ಬಿಡಿಸುವುದು ಈ ಪ್ಯಾಕೇಜಿನ ಕೆಲಸ. ಹೊಸ ಆವೃತ್ತಿ ಬರೆದ ಪುಣ್ಯಾತ್ಮ, ಯಾವ ಪದದ ಕೊನೆಗೆ ‘ರಿ’ ಕಂಡರೂ ಹಾಗೇ ಬಿಡಿಸುವಂತೆ ಮಾಡಿಟ್ಟಿದ್ದ. ಮಾತಿಗೊಮ್ಮೆ ‘ರಿ’ ಹಚ್ಚುವ ಉತ್ತರ ಕರ್ನಾಟಕದವರ ದನಿ ಅವನ ಕಿವಿಗೆ ಬಿದ್ದೇ ಇರಲಿಲ್ಲವೇನೋ. ಸುಮಿತ್ರಾಳ ಬರಹವನ್ನು ಕೊಟ್ಟು ನೋಡಿದೆ. ‘ಬರ್ರಿ, ಕುಂಡ್ರಿ’ ಎಂಬುದು ‘ಬರ್ ನೋಂದಾಯಿತ, ಕುಂಡ್ ನೋಂದಾಯಿತ’ ಆಯಿತು. ಅಧ್ಯಕ್ಷರು ದೀಪ ‘ಹಚ್ಚಬೇಕ್ ನೋಂದಾಯಿತ’ ಆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ, ತುಂಬಿದ ಸಭೆಯಲ್ಲಿ ಇದನ್ನು ಕಿವಿಯಲ್ಲಿ ಕೇಳಿ ಮೂಕಳಾಗಿ ನಿಂತ ಸುಮಿತ್ರಾಳನ್ನು ನೆನೆದು ನಗು ನಿಂತಿತು. ತೂತು ಮುಚ್ಚುವ ಸಾಲುಗಳನ್ನಷ್ಟೇ ಉಳಿಸಿಕೊಂಡು, ‘ರಿ’ಯ ಸಾಲನ್ನು ಕಿತ್ತುಹಾಕಿ ಒಪ್ಪಿಗೆ ಒತ್ತಿದೆ.

ವೀರೇಶನಿಗೆ ಹೇಳಿದರೆ, ಹಳೆಯ ಪರೀಕ್ಷೆಯ ವಾಕ್ಯವೊಂದು ಎಲ್ಲೋ ಉಳಿದಿರಬೇಕು ಎಂದ. ಮ್ಯೂಟ್ ಆಗಿದ್ದದ್ದು ಮಾತಾಡಿದ್ದು ಹೇಗಪ್ಪಾ ಎಂದೆ. ಚಹಾ ಆರಾಕತ್ತೈತಿ ಎಂದು ಫೋನಿಟ್ಟುಬಿಟ್ಟ.

ಸಂಜೆ ಸುಮಿತ್ರಾ ಒಂದು ಕಡೆಯೂ ತಡವರಿಸಲಿಲ್ಲ. ಅವಳ ‘ಬರ್ರಿ’ಗೆ ಜನ ಬಂದರು, ‘ಕುಂಡ್ರಿ’ಗೆ ಕುಳಿತರು. ಮುಂದಿನ ಕಾರ್ಯಕ್ರಮಕ್ಕೂ ನೀನೇ ಬಾರಮ್ಮ ಎಂದು ಕಾರ್ಯದರ್ಶಿ ಅಲ್ಲಿಯೇ ಹೇಳಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಜನ ಕರಗಿದ ಮೇಲೆ ಅವಳ ಪಕ್ಕ ಕುಳಿತು ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿದೆ. ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ.

“ಅದೇನ್ರೀ ಹೊಸಾದು?” ಎಂದಳು. “ನನ್ನ ಫೋನಿನ್ಯಾಗ ದಿನಾ ಅಂತೈತಿ. ಮುಂದ ಮೋರಿ ಮುಚ್ಚಳ ತಗದಿದ್ರ ತಡೀರಿ ಅಂತೈತಿ. ತಪ್ಪು ಬಸ್ ಹತ್ತಾಕತ್ತಿದ್ರೂ ಅಂತೈತಿ. ನೀವ ಹಾಕೀರಿ ಅಂತ ತಿಳ್ಕೊಂಡಿದ್ದೆ.”

ನಮ್ಮ ತಂತ್ರಾಂಶ ಬರೆದದ್ದನ್ನು ಓದುತ್ತದೆ, ಅಷ್ಟೇ. ಮೋರಿ ಕಾಣುವ ಕಣ್ಣು ಅದಕ್ಕಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡು, “ಯಾವ ಅಪ್‌ಡೇಟಿನ್ಯಾಗೂ ಅದನ್ನ ತಗೀಬ್ಯಾಡ್ರಿ ಅಕ್ಕಾ,” ಎಂದಳು.

ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. ಅದು ಎಲ್ಲಿದೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಈಗ ಯಾವ ಸಾಲನ್ನು ಅಳಿಸಬೇಕಾದರೂ, ಆ ‘ತಡೀರಿ’ ಇದೇ ಸಾಲಿನಲ್ಲಿದ್ದರೆ ಏನು ಗತಿ ಎಂದು ಮತ್ತೆ ಮೊದಲಿನಿಂದ ಓದುತ್ತೇನೆ.